ಮಾಜಿ ಸೈನಿಕರ ಸಂಘ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದು ಊರಿಗೆ ಮರಳಿದವನು. ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ತೋಟದ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತೆಲ್ಲ ಮಾಜಿ ಸೈನಿಕರ ಸಂಘಕ್ಕೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ನನ್ನನ್ನು ಹಿಡಿದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಪ್ರಶ್ನೆಗೂ ಒಂದೇ ಅಳತೆಯ ಉತ್ತರ ಇಲ್ಲ. ಕೆಲವಕ್ಕೆ ಒಂದು ಮಾತು ಸಾಕು, ಕೆಲವನ್ನು ಕೂತು ಹೇಳಬೇಕು.

ಮಾಜಿ ಸೈನಿಕರ ಸಂಘ ಅಂದರೆ ಸರ್ಕಾರಿ ಕಚೇರಿಯೇ?

ಅಲ್ಲ. ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ರಾಜ್ಯ ಸರ್ಕಾರದ್ದು. ಅದರ ಮೇಲೆ ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಕೇಂದ್ರೀಯ ಸೈನಿಕ ಮಂಡಳಿ ಇದೆ. ಗುರುತಿನ ಚೀಟಿ, ಅನುದಾನ, ವಿದ್ಯಾರ್ಥಿವೇತನ ಎಲ್ಲ ಆ ದಾರಿಯಲ್ಲಿ ಬರುತ್ತವೆ.

ಸಂಘ ಹಾಗಲ್ಲ. ನಿವೃತ್ತರಾಗಿ ಬಂದವರು ತಾವೇ ಸೇರಿ ಕಟ್ಟಿಕೊಂಡಿದ್ದು. ಪದಾಧಿಕಾರಿಗಳಿಗೆ ಸಂಬಳ ಇಲ್ಲ. ಸದಸ್ಯರ ವಂತಿಗೆಯಲ್ಲೇ ಬಹುತೇಕ ಕೆಲಸ ನಡೆಯುತ್ತದೆ. ಇಲಾಖೆಗೆ ಅಧಿಕಾರ ಇದೆ, ಸಂಘಕ್ಕೆ ಇಲ್ಲ. ಆದರೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಕಷ್ಟ ಅನ್ನುವುದು ಸಂಘಕ್ಕೆ ಗೊತ್ತಿರುತ್ತದೆ. ಇಬ್ಬರೂ ಕೈ ಜೋಡಿಸಿದ ಕಡೆ ಕೆಲಸ ಆಗುತ್ತದೆ.

ಈ ದಾರಿ ಹಾಕಿಕೊಟ್ಟವರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ದೊಡ್ಡವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು ಅವರು. 1953ರ ಜನವರಿ 14ರಂದು ನಿವೃತ್ತರಾದರು. ಆಮೇಲೂ ಸುಮ್ಮನೆ ಕೂರಲಿಲ್ಲ. 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದರು. ಅವರು ನಿವೃತ್ತರಾದ ದಿನವನ್ನೇ ಈಗ ದೇಶದಲ್ಲಿ ಮಾಜಿ ಸೈನಿಕರ ದಿನ ಅಂತ ಆಚರಿಸುತ್ತಾರೆ.

ಬಿಎಸ್‌ಎಫ್, ಸಿಆರ್‌ಪಿಎಫ್‌ನಲ್ಲಿ ಇದ್ದವರು ಸೇರಬಹುದಾ?

ಕಾಗದದ ಲೆಕ್ಕದಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಯಿಂದ ಬಂದವರು ಮಾಜಿ ಸೈನಿಕರು. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನವರು ಗೃಹ ಸಚಿವಾಲಯದ ಅಡಿ ಬರುತ್ತಾರೆ. ಅವರ ಪಿಂಚಣಿ, ಆಸ್ಪತ್ರೆ ವ್ಯವಸ್ಥೆ ಬೇರೆ. ಕೆಲವು ಕಡೆ ಅವರದೇ ಸಂಘ ಇದೆ, ಕೆಲವು ಕಡೆ ಎಲ್ಲರೂ ಒಂದೇ ಸಂಘದಲ್ಲಿದ್ದಾರೆ. ಹಳ್ಳಿಯವರಿಗೆ ಎಲ್ಲರೂ 'ಮಿಲ್ಟ್ರಿಯವರು' ಅಲ್ವಾ? ಹೊಳೆಗೆ ಬಿದ್ದ ಹುಡುಗನನ್ನು ಎತ್ತುವಾಗ ಯಾರೂ ಯಾವ ಪಡೆ ಅಂತ ಕೇಳುವುದಿಲ್ಲ. ವೀರನಾರಿಯರು, ಅಂದರೆ ಕರ್ತವ್ಯದಲ್ಲಿ ಮಡಿದ ಸೈನಿಕರ ಪತ್ನಿಯರು, ಯಾವ ಸಂಘದಲ್ಲೇ ಆಗಲಿ ಮೊದಲ ಸಾಲಿನವರು.

ಆಗಸ್ಟ್ 15ಕ್ಕೆ ಪದಕ ಹಾಕಿಕೊಂಡು ಬರುತ್ತೀರಿ. ಉಳಿದ ದಿನ ಏನು ಮಾಡುತ್ತೀರಿ?

ಈ ಪ್ರಶ್ನೆಯನ್ನು ಒಬ್ಬ ಹೈಸ್ಕೂಲು ಹುಡುಗ ಮುಖದ ಮೇಲೇ ಕೇಳಿದ್ದ. ನನಗೆ ಬೇಜಾರಾಗಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 16ರ ವಿಜಯ ದಿವಸ, ಇವೆಲ್ಲ ಬೇಕು. ಹೋದವರನ್ನು ನೆನೆಯಲೇಬೇಕು. ಆದರೆ ವರ್ಷದ ಉಳಿದ ದಿನಗಳ ಕೆಲಸ ಬೇರೆಯೇ ಇದೆ. ಸೇನೆಗೆ ಸೇರುವ ಮಕ್ಕಳ ತಯಾರಿ, ಮುದುಕರ ಪಿಂಚಣಿ ಕಾಗದ, ಮಳೆಗಾಲದ ಓಡಾಟ, ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆ, ರಕ್ತದಾನ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಏನು ಗೊತ್ತಾ? ಒಬ್ಬರ ಜೊತೆ ಹೋಗುವುದು. ಕಚೇರಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಜೊತೆಗೆ ಹೋಗಿ, ಮುಗಿಯುವ ತನಕ ಇದ್ದು, ಜೊತೆಗೇ ವಾಪಸ್ ಬರುವುದು.

ಮಳೆಗಾಲದಲ್ಲಿ ಸಂಘ ಏನು ಮಾಡುತ್ತದೆ?

ಶಿವಮೊಗ್ಗದವರಿಗೆ ಕೋರ್ಪಲಯ್ಯನ ಮಂಟಪ ಗೊತ್ತು. ಅದು ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ. ಜನ ಛತ್ರಿ ಹಿಡಿದು ನೋಡಲು ಹೋಗುತ್ತಾರೆ. 2019ರ ಆಗಸ್ಟ್‌ನಲ್ಲಿ ನೋಡಿ ಬರುವಷ್ಟಕ್ಕೆ ನಿಲ್ಲಲಿಲ್ಲ. ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಘಟ್ಟದ ಮೇಲೆ ಅಲ್ಲಲ್ಲಿ ಧರೆ ಕುಸಿಯಿತು.

ಅಂಥ ಹೊತ್ತಿನಲ್ಲಿ ದೊಡ್ಡ ಕೆಲಸ ವಿಪತ್ತು ಪಡೆ, ಅಗ್ನಿಶಾಮಕ ದಳದವರದ್ದು. ನಾವು ಅವರ ಕಾಲಿಗೆ ಅಡ್ಡ ಬರಬಾರದು. ಆದರೆ ಅವರು ಬರುವ ಮುಂಚಿನ ಎರಡು ಮೂರು ತಾಸು ಊರಿನವರದೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ದಾರಿಗೆ ಮರ ಬಿದ್ದಿದೆ, ಇದು ಊರಿನಲ್ಲಿ ಇರುವವನಿಗೆ ಮಾತ್ರ ಗೊತ್ತು. ಮೇ ಕೊನೆಯಲ್ಲೇ ನಾವು ಈ ಪಟ್ಟಿ ಬರೆದಿಡುತ್ತೇವೆ. ಹಗ್ಗ, ಟಾರ್ಚು, ಗರಗಸ, ಸ್ಟ್ರೆಚರ್‌ಗೆ ಎರಡು ಗಳ ಯಾರ ಮನೆಯಲ್ಲಿ ಇವೆ ಅನ್ನುವುದೂ ಅದರಲ್ಲಿ ಇರುತ್ತದೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತಿನ 112, ಆಂಬುಲೆನ್ಸಿನ 108, ಈ ಮೂರು ನಂಬರು ಪ್ರತಿ ಅಂಗಡಿಯ ಗೋಡೆಯಲ್ಲಿ ಇರಬೇಕು.

ಕಾಲುಸಂಕದ ಮಾತು ಹೇಳದಿದ್ದರೆ ಮಲೆನಾಡಿನ ಮಳೆಗಾಲದ ಮಾತು ಪೂರ್ತಿಯಾಗುವುದಿಲ್ಲ. ಹಳ್ಳದ ಮೇಲೆ ಎರಡು ಅಡಿಕೆ ಮರ ಉರುಳಿಸಿ, ಮೇಲೆ ದಬ್ಬೆ ಜೋಡಿಸಿ ಕಟ್ಟಿದ ಸಂಕವನ್ನು ಮಕ್ಕಳು ದಿನಾ ದಾಟುತ್ತಾರೆ. ಆರಿದ್ರಾ ಮಳೆ ಹಿಡಿದರೆ ದಬ್ಬೆಯ ಮೇಲೆ ಹಾವಸೆ. ಒಂದು ವರ್ಷ ನಮ್ಮ ಪಕ್ಕದ ಊರಿನ ಸಂಕದ ಒಂದು ಮರ ಬುಡದಲ್ಲಿ ಗೆದ್ದಲು ತಿಂದು ಟೊಳ್ಳಾಗಿತ್ತು. ಮೇಲಿನಿಂದ ನೋಡಿದರೆ ಗಟ್ಟಿ. ನಾನು ಕೆಳಗಿಳಿದು ಕತ್ತಿಯ ಹಿಂಬದಿಯಿಂದ ಬಡಿದೆ, ಡಬ್ ಡಬ್ ಅಂತ ಮಡಕೆ ಬಡಿದ ಹಾಗೆ ಸದ್ದು ಬಂತು. ಅವತ್ತೇ ಆರು ಜನ ಸೇರಿ ಮರ ಬದಲಿಸಿದೆವು. ಎರಡೂ ಕಡೆ ಸೊಂಟದ ಎತ್ತರಕ್ಕೆ ಹಗ್ಗ ಎಳೆದು ಬಿಗಿದೆವು, ದಬ್ಬೆಗೆ ಗೋಣಿಚೀಲ ಸುತ್ತಿದೆವು. 2024ರಲ್ಲಿ ವಯನಾಡಿನಲ್ಲಿ ಭೂಕುಸಿತ ಆದಾಗ ಚೂರಲ್‌ಮಲೆಯಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ, ಅಂದರೆ ಉಕ್ಕಿನ ಬಿಡಿ ಭಾಗ ಜೋಡಿಸಿ ಬೇಗ ನಿಲ್ಲಿಸುವ ಸೇತುವೆ, ಕಟ್ಟಿದವರು ನಮ್ಮ ಮದ್ರಾಸ್ ಸ್ಯಾಪರ್ಸ್‌ನವರೇ. ಅದನ್ನು ಟಿವಿಯಲ್ಲಿ ನೋಡಿ ಕಣ್ಣು ತುಂಬಿತ್ತು. ನಮ್ಮ ಸಂಕ ಹದಿನೈದು ಅಡಿಯದ್ದು. ಆದರೆ ಅದರ ಮೇಲೆ ದಾಟುವ ಮಕ್ಕಳ ಹೆಸರು ನನಗೆ ಗೊತ್ತು.

ಒಂದು ಮಾತು ನೆನಪಿಡಿ. ಇಂಥದ್ದು ತಾತ್ಕಾಲಿಕ. ಪಕ್ಕಾ ಕಾಲುಸಂಕಕ್ಕೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಲೇಬೇಕು. ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಮಗನಿಗೆ ಸೇನೆಗೆ ಸೇರುವ ಆಸೆ. ಸಂಘದಲ್ಲಿ ತರಬೇತಿ ಸಿಗುತ್ತದಾ? ದುಡ್ಡು ಎಷ್ಟು?

ಊರೂರಿಗೆ ವ್ಯತ್ಯಾಸ ಇದೆ, ಆದರೆ ಹಲವು ಕಡೆ ಮಾಜಿ ಸೈನಿಕರು ಬೆಳಿಗ್ಗೆ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತಾರೆ. ನಮ್ಮಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಐದೂವರೆಗೆ ಬರಬೇಕು, ಅಷ್ಟೇ.

ಭೂಸೇನೆಯ ಅಗ್ನಿವೀರ್ (ನಾಲ್ಕು ವರ್ಷಕ್ಕೆ ಸೇರುವ ಸಿಪಾಯಿ) ಜನರಲ್ ಡ್ಯೂಟಿಗೆ ಹತ್ತನೇ ತರಗತಿಯಲ್ಲಿ ಒಟ್ಟು 45 ಶೇಕಡಾ, ಪ್ರತಿ ವಿಷಯದಲ್ಲಿ 33 ಅಂಕ ಬೇಕು. ಹದಿನೇಳೂವರೆ ವರ್ಷ ತುಂಬಿರಬೇಕು. ಕರ್ನಾಟಕದವರಿಗೆ ಎತ್ತರ 166 ಸೆಂಟಿಮೀಟರ್. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ರ‍್ಯಾಲಿ. ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್ ಹೊಡೆದರೆ 40 ಅಂಕ. ಜೊತೆಗೆ 9 ಅಡಿ ಹಳ್ಳ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ನಡೆಯಬೇಕು. ಆಮೇಲೆ ಮೆಡಿಕಲ್. ಶಿವಮೊಗ್ಗ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ನಿಯಮಗಳು ಆಗಾಗ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿಯೇ ಅರ್ಜಿ ಹಾಕಿ.

ನಮ್ಮ ಹುಡುಗರಿಗೆ ಓಟ ಕಷ್ಟ ಅಲ್ಲ. ಗುಡ್ಡ ಹತ್ತಿ ಇಳಿದು ಬೆಳೆದ ಕಾಲುಗಳು. ಪುಲ್‌ಅಪ್ ಕೂಡ ಮೂರು ತಿಂಗಳಲ್ಲಿ ಬರುತ್ತದೆ. ಬಹಳ ಜನ ಬೀಳುವುದು ಲಿಖಿತದಲ್ಲಿ, ಅದರಲ್ಲೂ ಗಣಿತದಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಅನ್ನುವುದು ಗೊತ್ತಿಲ್ಲದೆ ಎಲ್ಲ ಪ್ರಶ್ನೆಗೂ ಗುರುತು ಹಾಕಿ ಬರುತ್ತಾರೆ. ಇನ್ನು ಹಲ್ಲು, ಕಿವಿ, ಚಪ್ಪಟೆ ಪಾದ. ಕಿವಿಯಲ್ಲಿ ಗುಗ್ಗೆ ತುಂಬಿಕೊಂಡು ಹೋಗಿ ಮೆಡಿಕಲ್‌ನಲ್ಲಿ ಪೇಚಾಡಿದ ಹುಡುಗನನ್ನು ನಾನೇ ನೋಡಿದ್ದೇನೆ. ಊರಿನ ಆಸ್ಪತ್ರೆಯಲ್ಲೇ ಹತ್ತು ನಿಮಿಷದಲ್ಲಿ ತೆಗೆಸಿಕೊಂಡು ಹೋಗಬಹುದಿತ್ತು.

ನಮ್ಮ ಮೈದಾನಕ್ಕೆ ಒಬ್ಬ ಹುಡುಗ ಎಂಟು ಕಿಲೋಮೀಟರ್ ಆಚೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಮೊದಲ ವಾರ ಅವನ ಓಟ ಏಳು ನಿಮಿಷ ದಾಟುತ್ತಿತ್ತು. ನಮ್ಮ ಸುಬೇದಾರ್ ಸಾಹೇಬರು ಬೈಯಲಿಲ್ಲ. ಸೀಟಿ ಬಾಯಲ್ಲಿಟ್ಟುಕೊಂಡು, ಅರವತ್ತು ದಾಟಿದ ವಯಸ್ಸಿನಲ್ಲಿ ಅವನ ಪಕ್ಕದಲ್ಲೇ ಕೊನೆಯ ಸುತ್ತು ಓಡಿದರು. 'ಉಸಿರು ಎದೆಯಿಂದ ಬೇಡ ಕಣೋ, ಹೊಟ್ಟೆಯಿಂದ ತಗೋ' ಅಂತ ಪ್ರತಿ ತಿರುವಿನಲ್ಲಿ ಹೇಳುತ್ತಿದ್ದರು. ಐದು ತಿಂಗಳ ಮೇಲೆ ಅವನು ಐದು ನಿಮಿಷ ಇಪ್ಪತ್ತೈದು ಸೆಕೆಂಡಿಗೆ ಬಂದ. ಅವತ್ತು ಸಾಹೇಬರು ಗಡಿಯಾರವನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು.

ದುಡ್ಡು ಕೊಟ್ಟರೆ ಸೇರಿಸುತ್ತಾರಂತೆ, ನಿಜವಾ?

ಸುಳ್ಳು. ಪೂರ್ತಿ ಸುಳ್ಳು. ಲಿಖಿತ ಪರೀಕ್ಷೆ ಕಂಪ್ಯೂಟರಿನಲ್ಲಿ, ಓಟದ ಸಮಯ ಎಲ್ಲರ ಕಣ್ಣ ಮುಂದೆ. ದುಡ್ಡಿಗೆ ಅಲ್ಲಿ ಜಾಗವೇ ಇಲ್ಲ.

ನನ್ನ ಅಕ್ಕನ ಮಗ ಹೀಗೇ ಒಬ್ಬ ದಲ್ಲಾಳಿಯ ಮಾತು ನಂಬಿದ. ನಾನು ಆಗ ಸರ್ವಿಸ್‌ನಲ್ಲಿದ್ದೆ, ನನಗೆ ಹೇಳಲು ನಾಚಿಕೆಪಟ್ಟು ಯಾರೂ ಹೇಳಲಿಲ್ಲ. ಭಾವ ಆ ವರ್ಷದ ಅಡಿಕೆಯನ್ನು ಹಸಿಯಲ್ಲೇ ಮಾರಿ ದುಡ್ಡು ಹೊಂದಿಸಿದರು. ದಲ್ಲಾಳಿ ಅಂಕಪಟ್ಟಿಯ ಮೂಲ ಪ್ರತಿಯನ್ನೂ ಇಟ್ಟುಕೊಂಡ. ಆಮೇಲೆ ಅವನ ಫೋನು ಸ್ವಿಚ್ ಆಫ್. ದುಡ್ಡು ಬರಲಿಲ್ಲ. ಅಂಕಪಟ್ಟಿಯ ನಕಲಿಗಾಗಿ ಓಡಾಡುವಷ್ಟರಲ್ಲಿ ಹುಡುಗನ ವಯಸ್ಸು ಮೀರಿತ್ತು. ಆ ಹುಡುಗ ಇವತ್ತಿಗೂ ಮಿಲ್ಟ್ರಿ ಬಣ್ಣದ ಗಾಡಿ ಕಂಡರೆ ಮುಖ ತಿರುಗಿಸುತ್ತಾನೆ. ದಯವಿಟ್ಟು ಮೂಲ ದಾಖಲೆ ಯಾರ ಕೈಗೂ ಕೊಡಬೇಡಿ. ಯಾರಾದರೂ ದುಡ್ಡು ಕೇಳಿದರೆ ನಮಗೆ ಹೇಳಿ, ಪೊಲೀಸರ ಹತ್ತಿರ ಜೊತೆಗೆ ಬರುತ್ತೇವೆ.

ಅಗ್ನಿವೀರ್ ನಾಲ್ಕೇ ವರ್ಷ. ಆಮೇಲೆ ಏನು?

ತಾಯಂದಿರು ಜಾಸ್ತಿ ಕೇಳುವ ಪ್ರಶ್ನೆ. ಮುಚ್ಚಿಡದೆ ಹೇಳುತ್ತೇನೆ. 2022ರ ಜೂನ್‌ನಲ್ಲಿ ಬಂದ ಈ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ 25 ಶೇಕಡಾದವರೆಗೆ ಮಾತ್ರ ಮುಂದುವರಿಯುತ್ತಾರೆ. ಸಂಬಳ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ 30 ಶೇಕಡಾ ಕಡಿತ ಆಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಹೊರಬರುವಾಗ ಸೇವಾ ನಿಧಿ ಅಂತ ಸುಮಾರು 10 ಲಕ್ಷ ಸಿಗುತ್ತದೆ, ಬಡ್ಡಿ ಬೇರೆ. ಪಿಂಚಣಿ ಇಲ್ಲ. ಇದನ್ನು ತಿಳಿದೇ ಹೋಗಬೇಕು. ಕೇಂದ್ರದ ಪೊಲೀಸ್ ಪಡೆಗಳಲ್ಲಿ ಅವರಿಗೆ ಮೀಸಲಾತಿ ಇದೆ.

2022ರ ಕೊನೆಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು, ಕೈಯಲ್ಲಿ ಒಮ್ಮೆಲೇ ಅಷ್ಟು ದುಡ್ಡು, ಮುಂದೇನು ಅನ್ನುವ ಗೊತ್ತುಗುರಿ ಇಲ್ಲ. ಕಾಗದದಲ್ಲಿ ಅವರಿಗೆ ಮಾಜಿ ಸೈನಿಕರ ಸವಲತ್ತು ಇಲ್ಲದಿರಬಹುದು. ಆದರೆ ನಮ್ಮ ಸಂಘಗಳ ಬಾಗಿಲು ಅವರಿಗೆ ತೆರೆದಿರಲೇಬೇಕು ಅನ್ನುವುದು ನನ್ನ ಗಟ್ಟಿ ಮಾತು. ದುಡ್ಡನ್ನು ಬೈಕಿಗೆ ಸುರಿಯುವ ಮೊದಲು ಬ್ಯಾಂಕಿಗೆ ಹೋಗಲು ಒಬ್ಬ ಹಿರಿಯ ಜೊತೆಗಿರಲಿ. ನಿಂತ ಓದನ್ನು ಮುಂದುವರಿಸಲು, ಪೊಲೀಸ್ ಪರೀಕ್ಷೆಗೆ ಅರ್ಜಿ ಹಾಕಲು ಯಾರಾದರೂ ಹೇಳಿಕೊಡಲಿ. ನಾವು ಊರಿಗೆ ಬಂದಾಗ ನಮಗೆ ಹೀಗೆ ಹೇಳುವವರು ಇರಲಿಲ್ಲ.

ಹೆಣ್ಣುಮಕ್ಕಳೂ ತರಬೇತಿಗೆ ಬರಬಹುದಾ?

ಖಂಡಿತ ಬರಬಹುದು, ಬರುತ್ತಿದ್ದಾರೆ. ಸೇನೆಯ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಸಿಪಾಯಿಗಳಾಗಿ ಸೇರಿದ 83 ಹೆಣ್ಣುಮಕ್ಕಳ ಮೊದಲ ತಂಡ 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ತರಬೇತಿ ಮುಗಿಸಿ ಹೊರಬಂತು. ಅಧಿಕಾರಿ ಆಗುವವರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಬಾಗಿಲೂ ತೆರೆದಿದೆ. 2025ರ ಮೇ ತಿಂಗಳಲ್ಲಿ 17 ಹುಡುಗಿಯರು ಅಲ್ಲಿಂದ ಪಾಸಾಗಿ ಬಂದರು. ಅಪ್ಪ ಅಮ್ಮಂದಿರಿಗೆ ಇರುವ ಚಿಂತೆ ಮುಂಜಾನೆಯ ಕತ್ತಲು. ಅದಕ್ಕೇ ಹುಡುಗಿಯರಿಗೆ ಸಂಜೆಯ ಹೊತ್ತು ಇಟ್ಟಿದ್ದೇವೆ. ಅಮ್ಮಂದಿರು ಬಂದು ಕೂರಬಹುದು. ಕೆಲವರು ಈಗ ಎರಡು ಸುತ್ತು ನಡೆಯಲೂ ಶುರು ಮಾಡಿದ್ದಾರೆ.

ಸೇನೆಗೆ ಹೋಗುವ ಆಸೆ ಇಲ್ಲದ ಮಕ್ಕಳಿಗೆ ಸಂಘದಿಂದ ಏನು ಉಪಯೋಗ?

ಎಲ್ಲ ಮಕ್ಕಳೂ ಸೇನೆಗೆ ಹೋಗಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ತೋಟ ಮಾಡುವವರು, ಮೇಷ್ಟ್ರಾಗುವವರು, ನರ್ಸ್ ಆಗುವವರು ಬೇಡವಾ?

ಶಾಲೆಗೆ ಹೋದಾಗ ನಾವು ಮೊದಲು ಕಲಿಸುವುದು ಪ್ರಥಮ ಚಿಕಿತ್ಸೆ. ಎದೆ ಬಡಿತ ನಿಂತವರಿಗೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು ಹೇಗೆ ಅಂತ ತಲೆದಿಂಬಿನ ಮೇಲೆ ತೋರಿಸುತ್ತೇವೆ. ಮಲೆನಾಡಿನ ಮಕ್ಕಳಿಗೆ ಹಾವು ಕಡಿತದ ಪಾಠ ಬೇಕೇ ಬೇಕು. ಬಿಗಿಯಾಗಿ ಕಟ್ಟಬೇಡಿ, ಬ್ಲೇಡಿನಲ್ಲಿ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕಡಿಸಿಕೊಂಡವರನ್ನು ಓಡಾಡಿಸದೆ, ಕೈಕಾಲು ಅಲುಗಾಡದ ಹಾಗೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ. ನಾಟಿ ಔಷಧಿಗೆ ಅಂತ ಕಳೆಯುವ ಒಂದೊಂದು ತಾಸೂ ಜೀವಕ್ಕೆ ಕುತ್ತು.

ಹಗ್ಗದ ಗಂಟು ಹಾಕುವುದು, ನಕ್ಷೆ ಓದುವುದು, ದಿಕ್ಕು ನೋಡುವುದು ಅಂದರೆ ಮಕ್ಕಳಿಗೆ ಪ್ರಾಣ. ಹಿಂದಿನ ಬೆಂಚಿನವರೇ ಇದರಲ್ಲಿ ಮುಂದೆ. ಪಾಠದಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಇನ್ನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ, ಎಳೆದರೂ ಜಾರದ ಗಂಟು ಹಾಕಿ ತೋರಿಸಿದಾಗ ಅವನ ಮುಖ ನೋಡಬೇಕಿತ್ತು.

ಮಂಗನ ಕಾಯಿಲೆಯ ತಿಳಿವಳಿಕೆಯೂ ನಮ್ಮ ಕೆಲಸ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಬೇಕು. ಆ ಔಷಧಿಯನ್ನು ತಯಾರು ಮಾಡಿದ್ದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ. ಸೈನಿಕರು ಹಚ್ಚಿಕೊಳ್ಳುವುದನ್ನೇ ನಿಮಗೂ ಕೊಡುತ್ತಿದ್ದಾರೆ ಅಂದರೆ ದರಗಿಗೆ, ಅಂದರೆ ಒಣಗಿದ ಎಲೆ ತರಲು, ಹೋಗುವ ಹೆಂಗಸರು ನಂಬಿ ಹಚ್ಚಿಕೊಳ್ಳುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಎನ್‌ಸಿಸಿ ಸೇರಿಸಬೇಕಾ?

ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದರೆ ಸೇರಿಸಿ. 1948ರಿಂದ ನಡೆಯುತ್ತಿರುವ ವ್ಯವಸ್ಥೆ ಅದು. ಕಾಲೇಜಿನಲ್ಲಿ 'ಸಿ' ಸರ್ಟಿಫಿಕೇಟ್ ಪಡೆದು ಪದವಿ ಮುಗಿಸಿದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಹೋಗುವ ದಾರಿ ಇದೆ. ಅದು ಬೇಡ ಅಂದರೂ, ಹತ್ತು ದಿನದ ಕ್ಯಾಂಪಿಗೆ ಹೋಗಿ ಬಂದ ಮಗು ತಟ್ಟೆ ತಾನೇ ತೊಳೆದಿಡುತ್ತದೆ.

ಸೈನಿಕ ಶಾಲೆಗೆ ಸೇರಿಸುವುದು ಹೇಗೆ?

ನಮ್ಮ ರಾಜ್ಯದಲ್ಲಿ ಹಳೆಯದು ವಿಜಯಪುರದ್ದು, 1963ರಲ್ಲಿ ಶುರುವಾಯಿತು. ಕೊಡಗಿನ ಕೂಡಿಗೆಯದ್ದು 2007ರದ್ದು. ಆರನೇ ಮತ್ತು ಒಂಬತ್ತನೇ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಇರುತ್ತದೆ. ಆರನೇ ತರಗತಿಗೆ 10ರಿಂದ 12 ವರ್ಷದೊಳಗಿನ ಮಕ್ಕಳು ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ. ಸೈನಿಕರ ಮಕ್ಕಳೇ ಆಗಬೇಕು ಅಂತ ಇಲ್ಲ, ಅವರಿಗೆ ಒಂದಿಷ್ಟು ಮೀಸಲಾತಿ ಇದೆ ಅಷ್ಟೆ. ನಾಲ್ಕನೇ ತರಗತಿಯಲ್ಲಿ ಇರುವಾಗಲೇ ಗಣಿತಕ್ಕೆ ಗಮನ ಕೊಡಿ.

ಮಾಜಿ ಸೈನಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಏನಿದೆ?

ಮುಖ್ಯವಾದದ್ದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಬಿ.ಎಡ್.ನಂಥ ವೃತ್ತಿ ಕೋರ್ಸಿಗೆ ಸೇರಿದವರಿಗೆ. ಹೆಣ್ಣುಮಕ್ಕಳಿಗೆ ವರ್ಷಕ್ಕೆ 36,000, ಗಂಡುಮಕ್ಕಳಿಗೆ 30,000. ಕೋರ್ಸಿಗೆ ಬೇಕಾದ ಹಿಂದಿನ ಪರೀಕ್ಷೆಯಲ್ಲಿ ಕನಿಷ್ಠ 60 ಶೇಕಡಾ ಬೇಕು. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಅನುದಾನವೂ ಇದೆ. 2025ರ ನವೆಂಬರ್‌ನಿಂದ ಅದನ್ನು ಮಗುವಿಗೆ ತಿಂಗಳಿಗೆ 1,000ದಿಂದ 2,000ಕ್ಕೆ ಏರಿಸಿದ್ದಾರೆ.

ಬಹಳ ಅರ್ಜಿ ತಿರಸ್ಕಾರ ಆಗುವುದು ಹೆಸರಿನ ಅಕ್ಷರದಿಂದ. ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮಗು ಏಳನೇ ತರಗತಿಯಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಿಟ್ಟುಕೊಳ್ಳಿ.

ಹಳ್ಳಿಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಸಂಘದಿಂದ ಸಹಾಯ ಸಿಗುತ್ತದಾ?

ಸಿಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಕೆಲಸ ಸಂಘಕ್ಕೆ ಇಲ್ಲ.

ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಹೊಸನಗರ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬರು ಅಮ್ಮ ಇದ್ದಾರೆ. ಗಂಡ ಸೇನೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷ ಆಯಿತು. ಅವರು ಎರಡು ಬಸ್ಸು ಬದಲಿಸಿ ಪೇಟೆಗೆ ಬಂದರು. ಹೆಬ್ಬೆರಳು ಒತ್ತಿದರು. ಯಂತ್ರ ತೆಗೆದುಕೊಳ್ಳಲಿಲ್ಲ. ಒರೆಸಿ ಒತ್ತಿದರು, ಇಲ್ಲ. ಇನ್ನೊಂದು ಬೆರಳು, ಇಲ್ಲ. ಕೌಂಟರಿನಲ್ಲಿದ್ದ ಹುಡುಗ 'ನಾಳೆ ಬನ್ನಿ' ಅಂದ. ಅವರು ನಾಳೆಯೂ ಬಂದರು.

ಆ ಬೆರಳನ್ನು ನಾನು ಹಿಡಿದು ನೋಡಿದೆ. ಅದರಲ್ಲಿ ಗೆರೆಗಳೇ ಉಳಿದಿರಲಿಲ್ಲ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ತೊಗರು ಹಿಡಿದು ಕಪ್ಪಾಗಿ, ತುದಿ ಸವೆದು ನುಣ್ಣಗಾಗಿತ್ತು. ಮಲೆನಾಡಿನ ಎಷ್ಟೋ ಹೆಂಗಸರ ಬೆರಳು ಹೀಗೇ ಇದೆ. ಮುಖ ತೋರಿಸಿ ಜೀವನ ಪ್ರಮಾಣ ಮಾಡುವ ವ್ಯವಸ್ಥೆ 2021ರಿಂದಲೇ ಇದೆ. ಮೊಬೈಲಿನಲ್ಲೇ ಆಗುತ್ತದೆ. ಆದರೆ ಆ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ನಾವು ಅವರ ಮನೆ ಅಂಗಳದಲ್ಲಿ, ನೆಟ್‌ವರ್ಕ್ ಸಿಗುವ ಹಲಸಿನ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. 'ಕಣ್ಣು ಮಿಟುಕಿಸಿ ಅಮ್ಮಾ' ಅಂದೆವು. 'ಮಿಟುಕಿಸಿದರೆ ಸಾಕೇನೋ ಅಪ್ಪಿ?' ಅಂತ ಕೇಳಿದರು. ಎರಡು ನಿಮಿಷದಲ್ಲಿ ಮುಗಿಯಿತು. ಅವರು ಒಳಗೆ ಹೋಗಿ ಕಷಾಯ ಮಾಡಿ ತಂದರು.

ಈಗ ಪ್ರತಿ ನವೆಂಬರ್‌ನಲ್ಲಿ ಹುಡುಗರನ್ನೇ ಕಳಿಸುತ್ತೇವೆ. ಬೆಳಿಗ್ಗೆ ನಮ್ಮ ಹತ್ತಿರ ಓಡುವ ಹುಡುಗರು ಮಧ್ಯಾಹ್ನ ಬೈಕಿನಲ್ಲಿ ಹಿರಿಯರ ಮನೆಗೆ ಹೋಗಿ ಮೊಬೈಲಿನಲ್ಲಿ ಇದನ್ನು ಮಾಡಿಕೊಟ್ಟು ಬರುತ್ತಾರೆ. ಸೈನಿಕರ ಪಿಂಚಣಿದಾರರಿಗೆ ಮಾತ್ರ ಅಂತ ಇಲ್ಲ. ಅದೇ ಬೀದಿಯ ನಿವೃತ್ತ ಮೇಷ್ಟ್ರಿಗೂ ಮಾಡಿಕೊಡುತ್ತಾರೆ.

ಧ್ವಜ ದಿನದ ಚಂದಾ ಎಲ್ಲಿಗೆ ಹೋಗುತ್ತದೆ?

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜ ಕೊಡುತ್ತಾರಲ್ಲ, ಆ ದುಡ್ಡು ಸೈನಿಕ ಕಲ್ಯಾಣ ಇಲಾಖೆಯ ಮೂಲಕ ವೀರನಾರಿಯರು, ಗಾಯಾಳು ಸೈನಿಕರು, ಕಷ್ಟದಲ್ಲಿರುವ ಮಾಜಿ ಸೈನಿಕರ ಕುಟುಂಬಗಳಿಗೆ ಹೋಗುತ್ತದೆ. ಇದು ಸಂಘದ ಚಂದಾ ಅಲ್ಲ.

ಬೇರೆ ದೇಶಗಳಲ್ಲೂ ಹೀಗೆ ಮಾಡುತ್ತಾರಾ?

ಮಾಡುತ್ತಾರೆ. ಅಮೆರಿಕದಲ್ಲಿ 1919ರಲ್ಲಿ ಶುರುವಾದ ಅಮೆರಿಕನ್ ಲೀಜನ್ ಅನ್ನುವ ಮಾಜಿ ಸೈನಿಕರ ಸಂಘಟನೆ 1925ರಿಂದ ಹದಿಹರೆಯದ ಮಕ್ಕಳಿಗೆ ಬೇಸ್‌ಬಾಲ್ ಆಡಿಸುತ್ತಿದೆ. ಸಂವಿಧಾನದ ಬಗ್ಗೆ ಭಾಷಣ ಸ್ಪರ್ಧೆ ನಡೆಸಿ ವಿದ್ಯಾರ್ಥಿವೇತನ ಕೊಡುತ್ತದೆ. ಬ್ರಿಟನ್ನಿನಲ್ಲಿ 1921ರಿಂದ ರಾಯಲ್ ಬ್ರಿಟಿಷ್ ಲೀಜನ್ ಇದೆ. ಕೆಂಪು ಗಸಗಸೆ ಹೂವಿನ ಬ್ಯಾಡ್ಜಿಗೆ ಜನ ಕೊಡುವ ದೇಣಿಗೆಯಿಂದ ಸೈನಿಕ ಕುಟುಂಬಗಳಿಗೆ ನೆರವಾಗುತ್ತದೆ. ಸಂವಿಧಾನದ ಭಾಷಣ ಸ್ಪರ್ಧೆಯನ್ನು ನಮ್ಮ ಹೈಸ್ಕೂಲುಗಳಲ್ಲೂ ನಡೆಸಬೇಕು ಅಂತ ನನಗೆ ಬಹಳ ಆಸೆ ಇದೆ.

ಸಂಘಕ್ಕೆ ರಾಜಕೀಯ ಇದೆಯಾ?

ಇರಬಾರದು. ಸದಸ್ಯರಿಗೆ ಅವರವರ ಒಲವು ಇರುತ್ತದೆ, ಅದು ಅವರ ಹಕ್ಕು. ಮೈದಾನಕ್ಕೆ, ಶಾಲೆಗೆ, ನೆರೆ ಬಂದ ಮನೆಗೆ ಅದನ್ನು ಹೊತ್ತುಕೊಂಡು ಹೋಗಬಾರದು. ಜಾತಿಯೂ ಹಾಗೇ. ಬಂಕರಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು.

ನಮ್ಮ ಹೋಬಳಿಯಲ್ಲಿ ಸಂಘ ಇಲ್ಲ. ಕಟ್ಟುವುದು ಹೇಗೆ?

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ನಿಯಮಾವಳಿ ಬರೆದು ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸಬೇಕು. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ ಇರಲಿ, ವರ್ಷ ವರ್ಷ ಲೆಕ್ಕ ತಪಾಸಣೆ ಆಗಲಿ, ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಕಟ್ಟಡದ ಚಿಂತೆ ಆಮೇಲೆ. ಕಟ್ಟಡಕ್ಕೆ ಅಂತ ಐದು ವರ್ಷ ಓಡಾಡಿ, ಕೊನೆಗೆ ಒಬ್ಬರಿಗೊಬ್ಬರು ಮಾತು ಬಿಟ್ಟ ಸಂಘ ನೋಡಿದ್ದೇನೆ. ನೋಂದಣಿ ಆಗುವ ಮುಂಚೆಯೇ ಮೈದಾನದಲ್ಲಿ ಓಟ ಶುರು ಮಾಡಿ.

ನಾವು ಸೈನಿಕರ ಮನೆಯವರಲ್ಲ. ನಮ್ಮಿಂದ ಏನಾಗಬಹುದು?

ಬಹಳ ಆಗಬಹುದು. ಶಾಲೆಯ ಮೈದಾನದ ಗೇಟಿನ ಬೀಗದ ಕೈ ಬೆಳಿಗ್ಗೆ ಐದೂವರೆಗೆ ಸಿಕ್ಕಿದರೆ ಅದೇ ದೊಡ್ಡ ಸಹಾಯ. ನಿಮ್ಮ ಕೇರಿಯಲ್ಲಿ ಒಬ್ಬರೇ ಇರುವ ಪಿಂಚಣಿದಾರರ ಹೆಸರು ಹೇಳಿ. ಜೀಪು ಇದ್ದವರು ಮಳೆಗಾಲದ ಪಟ್ಟಿಗೆ ನಂಬರು ಕೊಡಿ. ಹದಿನೆಂಟು ದಾಟಿ ಆರೋಗ್ಯವಾಗಿ ಇರುವವರು ರಕ್ತದಾನಕ್ಕೆ ಬನ್ನಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ, ರಕ್ತ ಎಷ್ಟಿದ್ದರೂ ಸಾಲದು.

ಕಳೆದ ವರ್ಷ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ತಾವಾಗಿಯೇ ಬಂದು, 'ಓಡಿಸುವುದು ನೀವು ಮಾಡಿ, ಲೆಕ್ಕ ನಾನು ಹೇಳಿಕೊಡ್ತೇನೆ' ಅಂದರು. ಈಗ ಮಂಗಳವಾರ, ಶುಕ್ರವಾರ ಓಟ ಮುಗಿದ ಮೇಲೆ ಹುಡುಗರು ಬೆವರು ಒರೆಸಿಕೊಂಡು ಜಗಲಿಯಲ್ಲಿ ಲೆಕ್ಕಕ್ಕೆ ಕೂರುತ್ತಾರೆ. ಸದ್ಯ ಮೇಷ್ಟ್ರು ಹಳೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಾರೆ. ಯಾರ ಅಟ್ಟದಲ್ಲಾದರೂ ಕಪ್ಪು ಹಲಗೆ ಸುಮ್ನೆ ಬಿದ್ದಿದ್ದರೆ ಹೇಳಿ, ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ.